ಕೇಮನ್ ಎಸ್ ಬ್ರೇಕ್: ದಿನದ ಓಡಾಟಕ್ಕೂ ಆಗಬೇಕು, ಆಗಾಗ ಟ್ರ್ಯಾಕ್‌ಗೂ ಆಗಬೇಕು. ಏನು ಬದಲಾಯಿಸಲಿ?

ಹೊಸೂರುರಸ್ತೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನನ್ನದು ಪೋರ್ಷೆ ಕೇಮನ್ ಎಸ್, 987 ಮಾದರಿ, 2010ರ ಗಾಡಿ. ಸೆಕೆಂಡ್ ಹ್ಯಾಂಡ್ ತಗೊಂಡು ಎರಡು ವರ್ಷ ಆಯಿತು. ವಾರದಲ್ಲಿ ಎರಡು ದಿನ ಆಫೀಸಿಗೆ, ಭಾನುವಾರ ಬೆಳಿಗ್ಗೆ ಕೋಲಾರದ ಕಡೆ ಒಂದು ಸುತ್ತು, ವರ್ಷಕ್ಕೆ ಮೂರು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್. ಬ್ರೇಕ್ ಎಲ್ಲಾ ಕಂಪನಿಯಿಂದ ಬಂದಿದ್ದೇ. ಮುಂದೆ 318 ಮಿ.ಮೀ., ಹಿಂದೆ 299 ಮಿ.ಮೀ. ತೂತಿನ ಡಿಸ್ಕ್. ನಾಲ್ಕೂ ಚಕ್ರಕ್ಕೆ ನಾಲ್ಕು ಪಿಸ್ಟನ್ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕ್ ಮೇಲೆ ಒತ್ತಿ ಹಿಡಿಯುವ ಭಾಗ).

ಹೋದ ತಿಂಗಳು ಅಲ್ಲಿ ಮೂರನೇ ಸೆಷನ್, ನಾಲ್ಕನೇ ಸುತ್ತು. ಸ್ಟ್ರೇಟ್ (ನೇರ ದಾರಿ) ಕೊನೆಯಲ್ಲಿ 180 ದಾಟಿತ್ತು. ಬ್ರೇಕ್ ಒತ್ತಿದೆ. ಪೆಡಲ್ ಮೊದಲು ಮೆತ್ತಗಾಯಿತು, ಆಮೇಲೆ ಕೆಳಗಿನ ಮ್ಯಾಟ್ ಮುಟ್ಟುವವರೆಗೂ ಹೋಯಿತು. ಪಂಪ್ ಮಾಡಿದೆ, ಮೂರನೇ ಸಲಕ್ಕೆ ಸ್ವಲ್ಪ ಹಿಡಿಯಿತು. ಗೇರ್ ಇಳಿಸಿ ಮಣ್ಣಿಗೆ ಇಳಿದು ನಿಂತೆ. ನನಗೂ ಗಾಡಿಗೂ ಏನೂ ಆಗಲಿಲ್ಲ. ಕೈ ಮಾತ್ರ ಅರ್ಧ ಗಂಟೆ ನಡುಗುತ್ತಿತ್ತು. ಮಗಳು ಪಿಟ್ ಗೋಡೆ ಹತ್ತಿರ ನಿಂತು ವಿಡಿಯೋ ಮಾಡುತ್ತಿದ್ದಳು. ಅದನ್ನು ಇನ್ನೂ ನೋಡಲು ಆಗಿಲ್ಲ.

ಸಂಜೆ ವಾಪಸ್ ಬರುವಾಗ ವೆಲ್ಲೂರು ದಾಟುವಷ್ಟರಲ್ಲಿ ಪೆಡಲ್ ಮೊದಲಿನ ಹಾಗೇ ಗಟ್ಟಿ! ಇಲ್ಲಿ ಒಂದು ಅಂಗಡಿಯಲ್ಲಿ ಕೇಳಿದೆ. ಗಾಡಿಯ ಬಾನೆಟ್ ಕೂಡ ತೆಗೆಯದೆ "ಸ್ಟಾಕ್ ಬ್ರೇಕ್ ಸಾಲದು ಸಾರ್, ದೊಡ್ಡ ಕಿಟ್ ಹಾಕಿಬಿಡಿ" ಎಂದರು. ಮುಂದಿನ ಎರಡು ಚಕ್ರಕ್ಕೆ ಆರು ಪಿಸ್ಟನ್ ಕ್ಯಾಲಿಪರ್, 355 ಮಿ.ಮೀ. ಡಿಸ್ಕ್. ಹೇಳಿದ ರೇಟು ನಾಲ್ಕು ಲಕ್ಷದ ಮೇಲೆ. ದುಡ್ಡು ಹಾಕಬೇಕೆಂದರೆ ಹಾಕುತ್ತೇನೆ. ಆದರೆ ಸರಿಯಾದ ಜಾಗಕ್ಕೆ ಹೋಗಬೇಕು, ಅಲ್ವಾ? ಗೊತ್ತಿರುವವರು ಹೇಳಿ.

ಗ್ಯಾರೇಜ್‌ಮನೆ

ಸಾರ್, ಮೊದಲು ನೀವು ಹುಷಾರಾಗಿದ್ದೀರಲ್ಲ, ಅಷ್ಟು ಸಾಕು. ಕಿಟ್ ಮಾತು ಆಮೇಲೆ. ಬ್ರೇಕ್ ಆಯಿಲ್ ಕೊನೆಗೆ ಬದಲಾಯಿಸಿದ್ದು ಯಾವಾಗ? ಪ್ಯಾಡ್ ಎಷ್ಟು ಉಳಿದಿದೆ?

ಹೊಸೂರುರಸ್ತೆ

ಈಗ ಸರ್ವಿಸ್ ಪುಸ್ತಕ ತೆಗೆದು ನೋಡಿದೆ. ನಾನು ತಗೊಂಡ ಮೇಲೆ ಬದಲಾಯಿಸಿಯೇ ಇಲ್ಲ. ಹಿಂದಿನ ಮಾಲೀಕರು ಅದಕ್ಕೂ ಒಂದೂವರೆ ವರ್ಷ ಮುಂಚೆ ಡಾಟ್ 4 ದರ್ಜೆಯ ಆಯಿಲ್ ಹಾಕಿಸಿದ್ದಾರೆ. ಪ್ಯಾಡ್ ಹೊರಗಿನದು ಹೊಸದರ ಅರ್ಧ ಇದೆ. ಒಳಗಿನದು ಅದಕ್ಕಿಂತ ಕಡಿಮೆ ಅನ್ನಿಸುತ್ತದೆ, ಟಾರ್ಚ್ ಹಾಕಿದರೂ ಸರಿಯಾಗಿ ಕಾಣುತ್ತಿಲ್ಲ.

ಗ್ಯಾರೇಜ್‌ಮನೆ

ಹಾಗಾದರೆ ಅದು ಮೂರೂವರೆ ವರ್ಷದ ಆಯಿಲ್. ಉತ್ತರ ಅಲ್ಲೇ ಇದೆ ಸಾರ್.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಬ್ಬಿಯ ಮುಚ್ಚಳದ ಕಡೆಯಿಂದ ಸ್ವಲ್ಪ, ರಬ್ಬರ್ ಹೋಸ್ ಮೂಲಕ ಸ್ವಲ್ಪ, ನಿಧಾನಕ್ಕೆ ಸೇರುತ್ತಾ ಹೋಗುತ್ತದೆ. ಡಾಟ್ 4 ಎಂದು ಬರೆದಿರುವ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದರೆ ಕನಿಷ್ಠ ಲೆಕ್ಕ 155ಕ್ಕೆ ಇಳಿಯುತ್ತದೆ. ಎಪ್ಪತ್ತೈದು ಡಿಗ್ರಿ ಹೋಯಿತು ನೋಡಿ. ಟ್ರ್ಯಾಕ್‌ನಲ್ಲಿ ಕ್ಯಾಲಿಪರ್ ಒಳಗೆ 155 ಡಿಗ್ರಿ ಆಗಲು ಬಹಳ ಹೊತ್ತು ಬೇಡ.

ಆಯಿಲ್ ಕುದಿಯಿತು ಎಂದರೆ ಆವಿಯ ಗುಳ್ಳೆ. ಆಯಿಲನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಒತ್ತಡ ಸೀದಾ ಪಿಸ್ಟನ್‌ಗೆ ಹೋಗುತ್ತದೆ. ಆವಿ ಕುಗ್ಗುತ್ತದೆ. ನೀವು ಕಾಲಿನಲ್ಲಿ ಕೊಟ್ಟಿದ್ದೆಲ್ಲ ಗುಳ್ಳೆ ಹಿಂಡಲು ಹೋಯಿತು. ತಣ್ಣಗಾದ ಮೇಲೆ ಆವಿ ಮತ್ತೆ ಆಯಿಲ್ ಜೊತೆ ಸೇರಿಕೊಳ್ಳುತ್ತದೆ. ಅದಕ್ಕೇ ವೆಲ್ಲೂರಿನಲ್ಲಿ ಪೆಡಲ್ ಗಟ್ಟಿ ಅನ್ನಿಸಿದ್ದು. ಅದು ವಾಸಿಯಾಗಿಲ್ಲ, ನೀರು ಅಲ್ಲೇ ಇದೆ. ದಯವಿಟ್ಟು ಹಾಗೇ ಓಡಿಸಬೇಡಿ.

ಪ್ಯಾಡ್ ಸವೆದಿರುವುದೂ ಸೇರಿಕೊಂಡಿದೆ. ಡಿಸ್ಕ್ ಬಿಸಿ ಪಿಸ್ಟನ್‌ಗೆ ತಲುಪದ ಹಾಗೆ ತಡೆಯುವುದು ಪ್ಯಾಡಿನ ದಪ್ಪ. ಅರ್ಧ ಸವೆದರೆ ತಡೆಯೂ ಅರ್ಧ. ನಮ್ಮ ಅಪ್ಪ 35 ವರ್ಷದಿಂದ ಗ್ಯಾರೇಜ್ ನಡೆಸುತ್ತಿದ್ದಾರೆ. ಟ್ರ್ಯಾಕ್‌ಗೆ ಹೋಗುವ ಗಾಡಿಗೆ ಅರ್ಧ ಪ್ಯಾಡ್ ಎಂದರೆ ಮುಗಿದ ಪ್ಯಾಡ್ ಎಂದೇ ಅವರ ಲೆಕ್ಕ. ಊರಿನೊಳಗೆ ಮಾತ್ರ ಓಡುವ ಗಾಡಿಗೆ ಅದೇ ಪ್ಯಾಡ್ ಇನ್ನೊಂದು ವರ್ಷ ಬಂದೀತು.

ಚಾರ್ಮಾಡಿ_ಇಳಿಜಾರು

ಒಂದು ವಿಷಯ ಸೇರಿಸುತ್ತೇನೆ ಮಾರಾಯ್ರೆ. ಬ್ರೇಕ್ ಕೈಕೊಡುವುದು ಒಂದೇ ರೀತಿ ಅಲ್ಲ. ನನಗೆ ಚಾರ್ಮಾಡಿ ಘಾಟಿ ಇಳಿಯುವಾಗ ಆಗಿದ್ದು ನಿಮ್ಮದಕ್ಕೆ ಪೂರ್ತಿ ಉಲ್ಟಾ. ಪೆಡಲ್ ಕಲ್ಲಿನ ಹಾಗೆ ಗಟ್ಟಿ ಇತ್ತು, ಎಷ್ಟು ತುಳಿದರೂ ಗಾಡಿ ಮಾತ್ರ ನಿಲ್ಲುವುದಿಲ್ಲ. ಒಳಗೆಲ್ಲ ಸುಟ್ಟ ವಾಸನೆ. ಅದು ಪ್ಯಾಡ್ ಬಿಸಿ ತಡೆಯದೆ ಹಿಡಿತ ಬಿಟ್ಟಿದ್ದು.

ಪೆಡಲ್ ಕೆಳಗೆ ಹೋದರೆ ಆಯಿಲ್. ಪೆಡಲ್ ಗಟ್ಟಿ ಇದ್ದು ಗಾಡಿ ನಿಲ್ಲದಿದ್ದರೆ ಪ್ಯಾಡ್. ಎರಡಕ್ಕೂ ಮದ್ದು ಬೇರೆ. ಅಂಗಡಿಯವರು ಈ ಒಂದು ಪ್ರಶ್ನೆಯನ್ನೂ ಕೇಳದೆ ಕಿಟ್ ಮಾರಲು ಹೊರಟರೆ ನನಗೆ ಬೇಸರ ಆಗುತ್ತದೆ.

ಘಾಟಿಯಲ್ಲಂತೂ ಹತ್ತುವ ಗೇರಿನಲ್ಲೇ ಇಳಿಯಬೇಕು. ಆಗುಂಬೆಯ 14 ತಿರುವುಗಳನ್ನು ನಮ್ಮ ಬಸ್ ಡ್ರೈವರುಗಳು ಹಾಗೇ ಇಳಿಸುವುದು.

ದೊಡ್ಡಡಿಸ್ಕ್

ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನದು ಟ್ಯೂನ್ ಮಾಡಿಸಿದ ಸೆಡಾನ್, ಜನ ಕೂತರೆ ಎರಡು ಟನ್ ಹತ್ತಿರ. ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್‌ಗೆ ತೆಗೆದುಕೊಂಡು ಹೋಗಿದ್ದೆ. ಅಲ್ಲಿನ ಹಿಂದಿನ ಸ್ಟ್ರೇಟ್ ಒಂದು ಕಿಲೋಮೀಟರಿಗೂ ಜಾಸ್ತಿ. ಒಳ್ಳೆ ಆಯಿಲ್ ಇತ್ತು, ಒಳ್ಳೆ ಪ್ಯಾಡ್ ಇತ್ತು. ಎರಡೇ ಸುತ್ತಿಗೆ ಬ್ರೇಕ್ ಮುಗಿಯಿತು. ದೊಡ್ಡ ಕಿಟ್ ಹಾಕಿದ ಮೇಲೆ ಪೂರ್ತಿ ಸೆಷನ್ ಓಡುತ್ತೇನೆ. ಹಾಗಾಗಿ ಕಿಟ್ ಸುಮ್ನೆ ಶೋಕಿ ಎನ್ನುವ ಮಾತು ಒಪ್ಪುವುದಿಲ್ಲ.

ಅರ್ಧಎಂವಿಸ್ಕ್ವೇರ್

ದೊಡ್ಡಡಿಸ್ಕ್ ಅವರ ಮಾತು ಅವರ ಗಾಡಿಗೆ ಸರಿ. ಯಾಕೆ ಸರಿ ಎಂದು ಲೆಕ್ಕ ಹಾಕಿದರೆ ಕೇಮನ್‌ಗೆ ಏನು ಬೇಕು ಎನ್ನುವುದೂ ಗೊತ್ತಾಗುತ್ತದೆ.

ಬ್ರೇಕ್ ಮಾಡುವ ಕೆಲಸ ಒಂದೇ. ಓಟದ ಶಕ್ತಿಯನ್ನು ಬಿಸಿ ಮಾಡುವುದು. ಕೇಮನ್, ಪೆಟ್ರೋಲ್, ಡ್ರೈವರ್ ಎಲ್ಲ ಸೇರಿ 1450 ಕೆ.ಜಿ. ಇಟ್ಟುಕೊಳ್ಳಿ. 180ರಿಂದ 80ಕ್ಕೆ ಇಳಿಸಿದರೆ ಸುಮಾರು 14.5 ಲಕ್ಷ ಜೂಲ್ ಬಿಸಿ. ಇದರಲ್ಲಿ ಮುಂದಿನ ಎರಡು ಡಿಸ್ಕ್‌ಗೆ ಶೇಕಡಾ 65 ಹೋಗುತ್ತದೆ ಎಂದುಕೊಳ್ಳಿ. ಎರಡೂ ಸೇರಿ 16 ಕೆ.ಜಿ. ಕಬ್ಬಿಣ ಎಂದುಕೊಂಡರೆ, ಒಂದೇ ಒಂದು ಬ್ರೇಕಿಗೆ ಡಿಸ್ಕ್ ಸುಮಾರು 120 ಡಿಗ್ರಿ ಏರುತ್ತದೆ. ಮುಂದಿನ ತಿರುವಿಗೆ ಬರುವುದರೊಳಗೆ ಅಷ್ಟೂ ಆರದಿದ್ದರೆ ಉಳಿದ ಬಿಸಿಯ ಮೇಲೆ ಮತ್ತೆ ಬಿಸಿ. ಇರುಂಗಾಟ್ಟುಕೋಟ್ಟೈ ಸುತ್ತು 3.7 ಕಿ.ಮೀ. ಅಷ್ಟೇ. ಆರಲು ಪುರುಸೊತ್ತು ಕಡಿಮೆ.

ದೊಡ್ಡ ಡಿಸ್ಕ್ ಎಂದರೆ ಜಾಸ್ತಿ ಕಬ್ಬಿಣ. ಅದೇ ಬಿಸಿಗೆ ಕಡಿಮೆ ಡಿಗ್ರಿ ಏರುತ್ತದೆ, ಗಾಳಿಗೆ ಜಾಸ್ತಿ ಜಾಗ ಸಿಗುತ್ತದೆ. ಎರಡು ಟನ್ ಗಾಡಿಯನ್ನು 220ರಿಂದ ಇಳಿಸುವವರಿಗೆ ಅದು ಬೇಕೇ ಬೇಕು.

ಆದರೆ ಗಾಡಿ ನಿಲ್ಲುವ ದೂರ ಕಿಟ್‌ನಿಂದ ಕಡಿಮೆ ಆಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಒಮ್ಮೆ ಪೂರ್ತಿ ಒತ್ತಿ ನೋಡಿ. ಎಬಿಎಸ್ (ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ) ಗಡಗಡ ಎಂದರೆ ನಿಮ್ಮ ಬ್ರೇಕಿಗೆ ಚಕ್ರ ಹಿಡಿದು ನಿಲ್ಲಿಸುವಷ್ಟು ಬಲ ಆಗಲೇ ಇದೆ. ಅಲ್ಲಿಂದ ಮುಂದೆ ಎಲ್ಲ ಟೈರಿನ ಕೈಯಲ್ಲಿ. ನಿಮ್ಮ ಟೈರು ಎಷ್ಟು ವರ್ಷದ್ದು?

ಇನ್ನೊಂದು ಅಪಾಯ ಇದೆ. ನಿಮಗೆ ಹೇಳಿರುವುದು ಮುಂದಿನ ಚಕ್ರಕ್ಕೆ ಮಾತ್ರ ಕಿಟ್. ಕೇಮನ್ ಎಂಜಿನ್ ನಡುವೆ ಇದೆ, ಹಿಂದೆ ಭಾರ ಜಾಸ್ತಿ, ಹಿಂದಿನ ಬ್ರೇಕೂ ಒಳ್ಳೆ ಪಾಲು ಕೆಲಸ ಮಾಡುತ್ತದೆ. ಮುಂದಿನದನ್ನು ಮಾತ್ರ ಬಲ ಮಾಡಿದರೆ ಮುಂದಿನ ಟೈರು ಬೇಗ ಜಾರುತ್ತದೆ, ಎಬಿಎಸ್ ಬೇಗ ಬರುತ್ತದೆ, ಹಿಂದಿನದು ಸುಮ್ನೆ ಕೂರುತ್ತದೆ. ನಿಲ್ಲುವ ದೂರ ಜಾಸ್ತಿಯೂ ಆಗಬಹುದು. ಆರು ಪಿಸ್ಟನ್‌ನ ಒಟ್ಟು ಅಳತೆ ಹಳೆಯ ನಾಲ್ಕಕ್ಕಿಂತ ದೊಡ್ಡದಾದರೆ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಜಾಸ್ತಿ ಆಯಿಲ್ ತಳ್ಳಬೇಕು, ಪೆಡಲ್ ಇನ್ನೂ ಕೆಳಗೆ ಹೋಗುತ್ತದೆ. ಅದಕ್ಕೆ ನೀವು ನಾಲ್ಕು ಲಕ್ಷ ಕೊಡಬೇಕಾ?

ದೊಡ್ಡಡಿಸ್ಕ್

ಇದು ಸರಿ. ನಾನೂ ಮೊದಲು ಮುಂದಿನದು ಮಾತ್ರ ಹಾಕಿಸಿದ್ದೆ. ಜೋರಾಗಿ ಒತ್ತಿದರೆ ಮೂಗು ನೆಲಕ್ಕೆ ಬಾಗುತ್ತಿತ್ತು. ಆರು ತಿಂಗಳು ಬಿಟ್ಟು ಹಿಂದಿನದೂ ಸೇರಿಸಿ ಸರಿ ಮಾಡಿಸಿದೆ. ಪಿಸ್ಟನ್ ಅಳತೆ ಕೇಳಬೇಕು ಎಂದು ಆಗ ಗೊತ್ತಿರಲಿಲ್ಲ. ಹೊಸೂರುರಸ್ತೆ ಅವರೇ, ನಿಮ್ಮ ತೂಕಕ್ಕೆ, ವರ್ಷಕ್ಕೆ ಮೂರು ದಿನಕ್ಕೆ, ನಾನೂ ಕಿಟ್ ಬೇಡ ಎನ್ನುತ್ತೇನೆ.

ಐಫೆಲ್_ಕನ್ನಡಿಗ

ಜರ್ಮನಿಯಿಂದ ಬರೆಯುತ್ತಿದ್ದೇನೆ. ನನ್ನದು ಮಾಜ್ದಾ ಎಂಎಕ್ಸ್-5, 1.5 ಲೀಟರ್. ಮುಂದಿನ ಡಿಸ್ಕ್ 258 ಮಿ.ಮೀ. ಅಷ್ಟೇ. ಗಾಡಿಯೇ ಸುಮಾರು ಒಂದು ಟನ್. ಇದರಲ್ಲಿ ನ್ಯೂರ್ಬುರ್ಗ್‌ರಿಂಗ್‌ನ ನೋರ್ಡ್‌ಶ್ಲೈಫೆ ಟ್ರ್ಯಾಕ್‌ಗೆ ಐದು ವರ್ಷದಿಂದ ಹೋಗುತ್ತಿದ್ದೇನೆ. ಒಂದು ಸುತ್ತು 20.8 ಕಿ.ಮೀ. ಫುಕ್ಸ್‌ರ್ಯೋರೆ ಇಳಿಜಾರು ಮುಗಿಸಿ ಅಡೆನಾವರ್ ಫೋರ್ಸ್ಟ್ ಕಡೆಗೆ ಬರುವಾಗ ಬ್ರೇಕಿಗೆ ಜೀವ ಹೋಗುವಷ್ಟು ಕೆಲಸ. ಬೆರ್ಗ್‌ವೆರ್ಕ್ ಆದ ಮೇಲೆ ಕೆಸೆಲ್ಖೆನ್ ಏರು ಸಿಗುತ್ತದೆ, ಅಲ್ಲಿ ಬ್ರೇಕ್ ಆರುತ್ತದೆ. ನಿಮ್ಮ ಚಿಕ್ಕ ಟ್ರ್ಯಾಕ್‌ನಲ್ಲಿ ಆ ಅನುಕೂಲ ಇಲ್ಲ. ಆರುವ ಸುತ್ತನ್ನು ನೀವೇ ಮಾಡಿಕೊಳ್ಳಬೇಕು.

ನಾನು ಬದಲಾಯಿಸಿದ್ದು ಆಯಿಲ್ ಮತ್ತು ಪ್ಯಾಡ್ ಮಾತ್ರ. ಇಲ್ಲಿ ರಸ್ತೆಯಲ್ಲಿ ಓಡಿಸುವ ಪ್ಯಾಡ್‌ಗೆ ಇಸಿಇ ಆರ್90 ಎಂಬ ಸುರಕ್ಷತಾ ನಿಯಮದ ಒಪ್ಪಿಗೆ ಇರಬೇಕು. ಅದಿಲ್ಲದ ರೇಸ್ ಪ್ಯಾಡ್ ಹಾಕಿಕೊಂಡು ಮನೆಗೆ ಹೋಗುವ ಹಾಗಿಲ್ಲ. ಮೊದಲು ಅದು ಕಿರಿಕಿರಿ ಅನ್ನಿಸಿತ್ತು. ಒಂದು ಸಲ ಗೆಳೆಯನ ರೇಸ್ ಪ್ಯಾಡ್ ಗಾಡಿಯನ್ನು ಚಳಿಗಾಲದ ಬೆಳಿಗ್ಗೆ ಓಡಿಸಿದೆ. ಮೊದಲ ಸಿಗ್ನಲ್‌ನಲ್ಲಿ ಒತ್ತಿದರೆ ಮರದ ತುಂಡು ಉಜ್ಜಿದ ಹಾಗೆ, ಹಿಡಿಯುವುದೇ ಇಲ್ಲ. ಆವತ್ತು ಆ ನಿಯಮ ಯಾಕಿದೆ ಎಂದು ಗೊತ್ತಾಯಿತು. ರೇಸ್ ಪ್ಯಾಡ್‌ಗೆ ಬಿಸಿ ಬೇಕು. ನಿಮ್ಮ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಅದಕ್ಕೆ ಬಿಸಿ ಎಲ್ಲಿಂದ ಬರಬೇಕು? ಅಡ್ಡ ಬಂದ ಸ್ಕೂಟರಿಗೆ ಮೊದಲ ಒತ್ತಿಗೇ ನಿಲ್ಲಬೇಕು.

ಹೊಸೂರುರಸ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಾಗಾದರೆ ಯಾವ ಪ್ಯಾಡ್? ಫೆರೋಡೋ ಡಿಎಸ್2500 ಎಂದು ಇಬ್ಬರು ಹೇಳಿದರು, ಪ್ಯಾಗಿಡ್ ಆರ್‌ಎಸ್29 ಎಂದು ಒಬ್ಬರು. ಟೈರು ಆರು ವರ್ಷದ್ದು, ಈಗಷ್ಟೇ ಬದಿಯ ನಂಬರ್ ನೋಡಿದೆ.

ಗ್ಯಾರೇಜ್‌ಮನೆ

ಟೈರು ಮೊದಲು ಬದಲಾಯಿಸಿ ಸಾರ್. ಅದರ ಬಗ್ಗೆ ಮಾತೇ ಬೇಡ.

ಡಿಎಸ್2500 ತಣ್ಣಗಿದ್ದಾಗಲೂ ಹಿಡಿಯುತ್ತದೆ, ಟ್ರ್ಯಾಕ್ ಬಿಸಿಯನ್ನೂ ಸುಮಾರಾಗಿ ತಡೆಯುತ್ತದೆ. ಸ್ವಲ್ಪ ಕೀರಲು, ಸ್ವಲ್ಪ ಕಪ್ಪು ಪುಡಿ ಇರುತ್ತದೆ, ಸಹಿಸಿಕೊಳ್ಳಿ. ಆರ್‌ಎಸ್29 ಟ್ರ್ಯಾಕ್‌ಗೇ ಮಾಡಿದ್ದು. ದಿನಾ ಓಡಿಸುವ ಗಾಡಿಗೆ ನಾನು ಹಾಕುವುದಿಲ್ಲ. ಟ್ರ್ಯಾಕ್‌ನಲ್ಲೇ ಪ್ಯಾಡ್ ಬದಲಾಯಿಸಿಕೊಳ್ಳುವವರೂ ಇದ್ದಾರೆ. ನಿಮ್ಮ ಕ್ಯಾಲಿಪರ್‌ನಲ್ಲಿ ಅದು ಸುಲಭವೂ ಹೌದು. ಕ್ಯಾಲಿಪರ್ ಬಿಚ್ಚಬೇಕಾಗಿಲ್ಲ, ಕ್ಲಿಪ್ ತೆಗೆದು ಪಿನ್ ತಟ್ಟಿದರೆ ಪ್ಯಾಡ್ ಮೇಲಕ್ಕೆ ಬರುತ್ತದೆ. ಆದರೆ ಒಂದೇ ಡಿಸ್ಕ್ ಮೇಲೆ ಎರಡು ಜಾತಿ ಪ್ಯಾಡ್ ಉಜ್ಜಿದರೆ ಡಿಸ್ಕ್‌ಗೆ ಅಂಟುವ ಪ್ಯಾಡಿನ ಪದರ ಸರಿಯಾಗಿ ಕೂರುವುದಿಲ್ಲ, ಸ್ಟೀರಿಂಗ್ ನಡುಗುತ್ತದೆ. "ಡಿಸ್ಕ್ ಬೆಂಡ್ ಆಗಿದೆ" ಎಂದು ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ಎಷ್ಟೋ ಸಲ ಡಿಸ್ಕ್ ನೆಟ್ಟಗೇ ಇರುತ್ತದೆ. ಪ್ಯಾಡಿನ ಮಸಿ ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಅಂಟಿರುತ್ತದೆ, ಅಷ್ಟೇ.

ಅದಕ್ಕೇ ಹೊಸ ಪ್ಯಾಡ್ ಪಳಗಿಸಬೇಕು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ, 100ರಿಂದ 20ಕ್ಕೆ ಎಂಟು ಹತ್ತು ಸಲ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ನಿಂತು ಪೆಡಲ್ ಹಿಡಿದರೆ ಪ್ಯಾಡಿನ ಅಚ್ಚು ಡಿಸ್ಕ್ ಮೇಲೆ ಬೀಳುತ್ತದೆ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ಆರಿಸಿ. ಇದನ್ನು ಹೈವೇನಲ್ಲಿ ಮಾಡಬೇಡಿ, ಹಿಂದೆ ಲಾರಿ ಇರುತ್ತದೆ. ಟ್ರ್ಯಾಕ್‌ನ ಮೊದಲ ಸೆಷನ್ ಇದಕ್ಕೇ ಬಿಟ್ಟುಬಿಡಿ.

ಆಯಿಲ್‌ಗೆ ಮೋಟುಲ್ ಆರ್‌ಬಿಎಫ್ 600 ಸಾಕು. ಹೊಸದಾಗಿದ್ದಾಗ 312 ಡಿಗ್ರಿವರೆಗೆ ತಡೆಯುತ್ತದೆ. ವರ್ಷಕ್ಕೊಮ್ಮೆ ಬದಲಾಯಿಸಿ, ಪ್ರತಿ ಟ್ರ್ಯಾಕ್ ದಿನದ ಮುಂಚೆ ಸ್ವಲ್ಪ ಬ್ಲೀಡ್ ಮಾಡಿ, ಅಂದರೆ ಕ್ಯಾಲಿಪರ್‌ನ ನಿಪ್ಪಲ್ ಸಡಿಲಿಸಿ ಒಳಗಿನ ಹಳೆ ಆಯಿಲ್, ಗಾಳಿ ಹೊರಗೆ ಬಿಡಿ. ಅಂಗಡಿಯಲ್ಲಿ ಡಾಟ್ 5 ಕೊಟ್ಟರೆ ವಾಪಸ್ ಕೊಡಿ. ಅದು ಸಿಲಿಕಾನ್, ಇದರ ಜೊತೆ ಸೇರುವುದಿಲ್ಲ. ಡಾಟ್ 5.1 ಬೇರೆ, ಅದು ಸೇರುತ್ತದೆ. ಚುಕ್ಕಿ ನೋಡಿಕೊಂಡು ತಗೊಳ್ಳಿ.

ರಬ್ಬರ್ ಹೋಸ್ ಹಳೆಯದೇ ಇದ್ದರೆ ಸ್ಟೀಲ್ ಹೆಣಿಗೆಯದು ಹಾಕಿಸಿ. ಹದಿನೈದು ವರ್ಷದ ರಬ್ಬರ್ ಹೇಗೂ ಬದಲಾಗಬೇಕು. ಪೆಡಲ್ ಗಟ್ಟಿ ಅನ್ನಿಸುತ್ತದೆ, ನಿಲ್ಲುವ ದೂರ ಅದರಿಂದ ಬದಲಾಗುವುದಿಲ್ಲ. ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವುದೇ ತಗೊಳ್ಳಿ. ಇಲ್ಲದಿದ್ದರೆ ನಮ್ಮ ಧೂಳು ಹೆಣಿಗೆಯೊಳಗೆ ಸೇರಿ ಒಳಗಿನ ಟ್ಯೂಬನ್ನೇ ಉಜ್ಜುತ್ತದೆ.

ಹೊಸೂರುರಸ್ತೆ

ನಿನ್ನೆ ಭಾನುವಾರ ನಾನೂ ತಮ್ಮನೂ ಸೇರಿ ಮನೆಯಲ್ಲೇ ಆಯಿಲ್ ಬದಲಾಯಿಸಿದೆವು. ಹಿಂದಿನ ಬಲ, ಹಿಂದಿನ ಎಡ, ಮುಂದಿನ ಬಲ, ಮುಂದಿನ ಎಡ. ಒಂದೊಂದು ಕ್ಯಾಲಿಪರ್‌ಗೆ ಎರಡೆರಡು ನಿಪ್ಪಲ್. ತಮ್ಮ ಪೆಡಲ್ ಮೇಲೆ, ನಾನು ಕೆಳಗೆ ಪಾನಾ ಹಿಡಿದು. "ಒತ್ತು", "ಹಿಡ್ಕೋ", "ಬಿಡು". ಡಬ್ಬಿ ಖಾಲಿಯಾಗಲು ಬಿಡಬೇಡಿ, ಗಾಳಿ ಎಬಿಎಸ್ ಒಳಗೆ ಹೋದರೆ ಕಂಪ್ಯೂಟರ್ ಹಾಕದೆ ತೆಗೆಯಲು ಆಗುವುದಿಲ್ಲ ಎಂದು ಓದಿದ್ದೆ. ಅಮ್ಮನನ್ನು ಸ್ಟೂಲ್ ಹಾಕಿ ಡಬ್ಬಿಯ ಪಕ್ಕ ಕೂರಿಸಿದ್ದೆವು. ಗೆರೆ ಹತ್ತಿರ ಬಂದಾಗೆಲ್ಲ ಅವರೇ ಕೂಗಿ ಹೇಳಿದರು.

ಪೈಪಿನಲ್ಲಿ ಬಂದ ಆಯಿಲ್ ಬಣ್ಣ ನೋಡಿ ಹೊಟ್ಟೆ ತೊಳಸಿತು. ತಿಳಿ ಜೇನಿನ ಬಣ್ಣ ಇರಬೇಕಾದ್ದು ಬೆಲ್ಲದ ಕಾಫಿಯ ಹಾಗೆ ಇತ್ತು. ಮುಂದಿನ ಬಲಗಡೆ ಅಂತೂ ಕಪ್ಪು. ಇದನ್ನು ನಂಬಿಕೊಂಡು ಮಗಳನ್ನು ಪಕ್ಕದಲ್ಲಿ ಕೂರಿಸಿ ಸ್ಕೂಲಿಗೆ ಬಿಡುತ್ತಿದ್ದೆ. ಒಳಗಿನ ಪ್ಯಾಡ್ ಮೂರನೇ ಒಂದು ಭಾಗವೂ ಉಳಿದಿರಲಿಲ್ಲ.

ಪ್ಯಾಡ್, ಹೋಸ್, ಟೈರು ಎಲ್ಲ ಆರ್ಡರ್ ಮಾಡಿದ್ದೇನೆ. ಪೂರ್ತಿ ಸೇರಿಸಿದರೂ ಕಿಟ್‌ನ ಅರ್ಧ ಆಗುವುದಿಲ್ಲ, ಅದರಲ್ಲೂ ದೊಡ್ಡ ಪಾಲು ಟೈರಿನದು.

ಅರ್ಧಎಂವಿಸ್ಕ್ವೇರ್

ಒಳ್ಳೆ ಕೆಲಸ. ಆಯಿಲ್ ಬಿದ್ದ ಕಡೆ ನೀರಿನಲ್ಲಿ ತೊಳೆಯಿರಿ, ಪೇಂಟ್ ತಿನ್ನುತ್ತದೆ.

ಇನ್ನೊಂದು ಕಡಿಮೆ ಖರ್ಚಿನ ದಾರಿ ಇದೆ. 911 ಜಿಟಿ3ಗೆ ಬರುವ ಪ್ಲಾಸ್ಟಿಕ್ ಗಾಳಿ ತಟ್ಟೆ, ಸಸ್ಪೆನ್ಷನ್‌ನ ಕೆಳಗಿನ ಆರ್ಮ್‌ಗೆ ಕೂರುತ್ತದೆ, ಗಾಳಿಯನ್ನು ಡಿಸ್ಕ್ ಕಡೆಗೆ ತಿರುಗಿಸುತ್ತದೆ. 987 ಇರುವವರು ಬಹಳ ಜನ ಇದನ್ನೇ ಹಾಕುವುದು. ಸ್ಟಾಕ್ ತಟ್ಟೆಗಿಂತ ಕೆಳಗೆ ಇಳಿಯುತ್ತದೆ, ನಮ್ಮ ಹಂಪ್‌ಗೆ ತಾಗಬಹುದು. ಒಂದು ಜೊತೆ ಜಾಸ್ತಿ ಇಟ್ಟುಕೊಳ್ಳಿ.

ಐಫೆಲ್_ಕನ್ನಡಿಗ

ಓಡಿಸುವ ರೀತಿಯೂ ಬದಲಾಗಲಿ. ದೂರದಿಂದ ಮೆಲ್ಲಗೆ ಒತ್ತುತ್ತಾ ಬರುವುದು ಹುಷಾರು ಅನ್ನಿಸುತ್ತದೆ, ಬ್ರೇಕಿಗೆ ಮಾತ್ರ ಬಿಡುವೇ ಸಿಗುವುದಿಲ್ಲ. ಗಟ್ಟಿಯಾಗಿ, ಸ್ವಲ್ಪ ಹೊತ್ತು, ಆಮೇಲೆ ಪೂರ್ತಿ ಬಿಡಿ. ಐದು ಸುತ್ತು ಜೋರು, ಒಂದು ಸುತ್ತು ಆರಲು. ಪಿಟ್‌ಗೆ ಬಂದು ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಡಿ. ಪ್ರತಿ ಸ್ಟ್ರೇಟ್‌ನಲ್ಲೂ ಬ್ರೇಕಿಗೆ ಮುಂಚೆ ಎಡಗಾಲಲ್ಲಿ ಪೆಡಲನ್ನು ಮೆಲ್ಲಗೆ ಮುಟ್ಟಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಮೆತ್ತಗಿದ್ದರೆ ಮೊದಲೇ ಗೊತ್ತಾಗುತ್ತದೆ.

ಹೊಸೂರುರಸ್ತೆ

ಏಳು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಶನಿವಾರ ಹೋಗಿ ಬಂದೆ. ಬಿಸಿಲು ಹೋದ ಸಲಕ್ಕಿಂತ ಜಾಸ್ತಿ ಇತ್ತು. ಮೊದಲ ಸೆಷನ್ ಪ್ಯಾಡ್ ಪಳಗಿಸಲು ಕೊಟ್ಟೆ. ಆಮೇಲೆ ನಾಲ್ಕು ಸೆಷನ್, ಐದು ಸುತ್ತು ಜೋರು, ಒಂದು ಆರಲು. ಪೆಡಲ್ ಬೆಳಿಗ್ಗೆ ಎಲ್ಲಿತ್ತೋ ಸಂಜೆಯೂ ಅಲ್ಲೇ. ಮೂರನೇ ಸೆಷನ್‌ನ ನಾಲ್ಕನೇ ಸುತ್ತಿಗೆ ಅದೇ ಜಾಗ ಬಂದಾಗ ಎದೆ ಹೊಡೆದುಕೊಂಡಿತು. ಎಡಗಾಲಲ್ಲಿ ಮುಟ್ಟಿದೆ, ಗಟ್ಟಿ ಇತ್ತು. ಬಲಗಾಲಲ್ಲಿ ಒತ್ತಿದೆ, ಗಾಡಿ ಕೂತಿತು.

ಒಂದು ಸಂದೇಹ. ಮನೆಗೆ ಬಂದು ಚಕ್ರ ಬಿಚ್ಚಿ ನೋಡಿದರೆ, ಮುಂದಿನ ಡಿಸ್ಕ್ ತೂತುಗಳ ಸುತ್ತ ಕೂದಲೆಳೆಯ ಹಾಗೆ ಗೆರೆ. ಮೊದಲೇ ಇತ್ತೋ ಈಗ ಬಂತೋ ಗೊತ್ತಿಲ್ಲ.

ಗ್ಯಾರೇಜ್‌ಮನೆ

ಟ್ರ್ಯಾಕ್ ಬಿಸಿಗೆ ತೂತಿನ ಡಿಸ್ಕ್‌ನಲ್ಲಿ ಅದು ಬರುವುದೇ. ಉಗುರಿನಲ್ಲಿ ಗೀರಿ ನೋಡಿ. ಉಗುರು ಸಿಕ್ಕಿಕೊಳ್ಳುತ್ತದಾ? ಒಂದು ತೂತಿನಿಂದ ಇನ್ನೊಂದಕ್ಕೆ ಸೇರಿದೆಯಾ?

ಹೊಸೂರುರಸ್ತೆ

ಎಡಗಡೆ ಇಲ್ಲ. ಬಲಗಡೆ ಎರಡು ಕಡೆ ಉಗುರು ಸಿಗುತ್ತದೆ. ಒಂದು ಕಡೆ ಎರಡು ತೂತು ಸೇರಿದೆ.

ಗ್ಯಾರೇಜ್‌ಮನೆ

ಹಾಗಾದರೆ ಗಾಡಿ ಹೊರಗೆ ತೆಗೆಯಬೇಡಿ ಸಾರ್, ಆಫೀಸಿಗೂ ಬೇಡ. ಮುಂದಿನ ಎರಡೂ ಡಿಸ್ಕ್ ಜೊತೆಯಲ್ಲೇ ಬದಲಾಯಿಸಿ. ಈ ಸಲ ತೂತಿಲ್ಲದ, ಕಂಪನಿಯೇ ಗೀರು ಕೊರೆದಿರುವ ಡಿಸ್ಕ್ ತಗೊಳ್ಳಿ. ಪ್ಯಾಡ್ ಮುಖವನ್ನು ಮರಳು ಕಾಗದದಲ್ಲಿ ಲೈಟಾಗಿ ಉಜ್ಜಿ, ಹೊಸ ಡಿಸ್ಕ್ ಮೇಲೆ ಮತ್ತೆ ಪಳಗಿಸಿ.

ಹೊಸೂರುರಸ್ತೆ

ಆಯಿತು. ಈಗಲೇ ಆರ್ಡರ್ ಹಾಕಿದೆ, ಹತ್ತು ದಿನ ಎಂದಿದ್ದಾರೆ. ಕೀ ಅಮ್ಮನ ಹತ್ತಿರ ಕೊಟ್ಟಿದ್ದೇನೆ.